ಹಗ್ಗ ಕಟ್ಟಿದ ಬೇಸ್ ಗಿಟಾರು

ನನ್ನ ಬೇಸ್ ಗಿಟಾರಿಗೆ ಬೆಲ್ಟಿಲ್ಲ, ಹಗ್ಗವಿದೆ. ಹತ್ತಿನೂಲನ್ನು ಹೊಸೆದು ಹೆಣೆದ ಹಗ್ಗ. ಎರಡೂ ತುದಿಗೆ ಗಂಟು, ಭುಜದ ಮೇಲೆ ಕೂರುವ ಕಡೆ ಹಳೇ ಪಂಚೆಯ ತುಂಡು ಸುತ್ತಿ ಹೊಲಿದಿದೆ. ನೋಡಿದವರು ನಾನೇನೋ ಕಲಾವಿದನ ಠೀವಿಗೆ ಹಾಕಿಕೊಂಡಿದ್ದೇನೆ ಅಂದುಕೊಳ್ಳುತ್ತಾರೆ. ಠೀವಿಯೂ ಇಲ್ಲ, ಮಣ್ಣೂ ಇಲ್ಲ. ನಮ್ಮಪ್ಪ ಗಿಟಾರನ್ನು ಎತ್ತು ಕೊಳ್ಳುವ ಹಾಗೆ ಕೊಂಡ, ಅದಕ್ಕೇ ಹೀಗಾಯಿತು.

ತೊಂಬತ್ತರ ದಶಕದ ನಡುವಿನ ಮಾತು. ಚಿನಕುರಳಿಯ ಕಡೆ ನಮ್ಮೂರಿನ ಡೇರಿಯಲ್ಲಿ ಬೆಳಿಗ್ಗೆ, ಸಂಜೆ ನಾನು ಹಾಲು ಅಳೆಯುತ್ತಿದ್ದೆ. ನಡುವಿನ ಹೊತ್ತಿನಲ್ಲಿ ಗದ್ದೆ ಕೆಲಸಕ್ಕೆ ಚಕ್ಕರ್ ಹೊಡೆದು ಪಾಂಡವಪುರಕ್ಕೆ ಓಡುತ್ತಿದ್ದೆ. ಅಲ್ಲೊಂದು ಆರ್ಕೆಸ್ಟ್ರಾ ಇತ್ತು. ಮದುವೆ, ಬೀಗರ ಊಟ, ಗಣೇಶನ ಪೆಂಡಾಲು, ಯಾರು ಕರೆದರೂ ಹೋಗುವ ತಂಡ. ಅದರ ಯಜಮಾನರು ಕೀಬೋರ್ಡು ನುಡಿಸುತ್ತಿದ್ದರು, ಎಲ್ಲರೂ ಅವರನ್ನು ಮಾಸ್ಟರು ಎನ್ನುತ್ತಿದ್ದರು. ನನಗೆ ಗಿಟಾರು ಅಷ್ಟೋ ಇಷ್ಟೋ ಬರುತ್ತಿತ್ತು. ಆದರೆ ತಂಡದಲ್ಲಿ ಗಿಟಾರಿನವರು ಆಗಲೇ ಇದ್ದರು, ಅದೂ ನನಗಿಂತ ಚೆನ್ನಾಗಿ ನುಡಿಸುವವರು.

"ಬೇಸ್ ಕಲ್ತ್ಕೊ. ಗಿಟಾರು ನೀನೇ ತಂದ್ಕೊಂಡ್ರೆ ಜಾಗ ಕೊಡ್ತೀನಿ" ಎಂದರು ಮಾಸ್ಟರು.

ಬೇಸ್ ಎಂದರೆ ಹಾಡಿನ ತಳ. ನಾಲ್ಕೇ ದಪ್ಪ ತಂತಿ, ಸ್ವರವೆಲ್ಲ ತೀರಾ ಕೆಳಗಿನದು. ಹಾಡುವವರ ರಾಗವನ್ನೂ ಡ್ರಮ್ಮಿನ ಪೆಟ್ಟನ್ನೂ ಅಡಿಯಿಂದ ಹಿಡಿದುಕೊಳ್ಳುವ ಕೆಲಸ ಅದರದು. ಯಾರದೋ ಬೇಸನ್ನು ಎರವಲು ತಂದು, ತಾಲೀಮಿನ ಕೋಣೆಯ ಪುಟ್ಟ ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿ ಮೊದಲ ಸಲ ಮೀಟಿದಾಗ ಶಬ್ದ ಕಿವಿಗೆ ಬರಲಿಲ್ಲ, ನೇರ ಹೊಟ್ಟೆಗೆ ಬಂತು. ಆವತ್ತೇ ನನಗೆ ಬೇರೆ ವಾದ್ಯ ಬೇಡವಾಯಿತು. ಹುಡುಗಿಯನ್ನು ನೋಡಿ ಬಂದವನ ಹಾಗೆ ಮನೆಯಲ್ಲಿ ಊಟ ಬಿಟ್ಟು ಕೂತೆ.

ದುಡ್ಡು ಕೊಡುವ ಕೈ ಅಪ್ಪನದು. ಆದ್ದರಿಂದ ನೋಡುವ ಕಣ್ಣೂ ಅಪ್ಪನದೇ ಆಗಬೇಕಾಯಿತು. ಎತ್ತು ನೋಡುವುದರಲ್ಲಿ ಅಪ್ಪನಿಗೆ ಹೆಸರಿತ್ತು. ಸುತ್ತಿನ ಹಳ್ಳಿಯವರು ಜೋಡಿ ಕೊಳ್ಳಲು ಹೊರಟರೆ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ಹಲ್ಲು ನೋಡಿ, ನಡಿಗೆ ನೋಡಿ, ಮೈಮೇಲಿನ ಕೂದಲ ಸುಳಿಯ ಶುಭ ಅಶುಭ ನೋಡಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅಂಥವನು ಬೇಸ್ ಗಿಟಾರು ಕೊಳ್ಳಲು ಶ್ರೀರಂಗಪಟ್ಟಣದ ಬಸ್ಸು ಹತ್ತಿದ, ಹೆಗಲ ಮೇಲೆ ಒಗೆದ ಟವೆಲ್ಲು ಹಾಕಿಕೊಂಡು.

ಕೋಟೆಯೊಳಗಿನ ಒಂದು ಬೀದಿಯಲ್ಲಿ ವಯಸ್ಸಾದ ಸಾಬರೊಬ್ಬರಿದ್ದರು. ಒಂದು ಕಾಲದಲ್ಲಿ ದೊಡ್ಡ ದೊಡ್ಡ ತಂಡಗಳಲ್ಲಿ ಬೇಸ್ ನುಡಿಸಿದವರು, ಬೆರಳು ಸೆಟೆದುಕೊಂಡಿದ್ದರಿಂದ ನುಡಿಸುವುದನ್ನು ಬಿಟ್ಟಿದ್ದರು. ಅವರ ಬಳಿ ಮಾರುವುದಕ್ಕೆ ಎರಡು ಬೇಸ್ ಇದ್ದವು. ಮಂಚದ ಮೇಲೆ ಅಕ್ಕಪಕ್ಕ ಮಲಗಿಸಿದರು. ಒಂದು ಕೆಂಪು, ಮುಖ ಕಾಣುವಷ್ಟು ಹೊಳಪು. ಇನ್ನೊಂದು ಬೆಲ್ಲದ ಬಣ್ಣದ್ದು, ಪಾಲಿಶ್ ಅಲ್ಲಲ್ಲಿ ಎದ್ದುಹೋಗಿ ಒಳಗಿನ ಮರ ಕಾಣುತ್ತಿತ್ತು, ತಂತಿ ಬಿಗಿಯುವ ಒಂದು ಬಿರಡೆ ಸಡಿಲ. ನನ್ನ ಮನಸ್ಸು ಯಾವುದರ ಮೇಲಿತ್ತು ಎಂದು ಹೇಳಬೇಕಾಗಿಲ್ಲ.

ಅಪ್ಪ ಕೆಂಪನ್ನು ಎತ್ತಿದ. ತೂಕ ನೋಡಿದ. ನೊಗದ ಸೊಟ್ಟ ನೋಡುವವನ ಹಾಗೆ ಒಂದು ಕಣ್ಣು ಮುಚ್ಚಿ ಅದರ ಉದ್ದನೆಯ ಕುತ್ತಿಗೆಯನ್ನು ನೋಡಿದ. ಆಮೇಲೆ ಬೆನ್ನು ತಿರುವಿದ. ಅಲ್ಲಿ ಮರದ ಗೆರೆಗಳು ಒಂದು ಕಡೆ ದುಂಡಗೆ ಸುತ್ತಿಕೊಂಡಿದ್ದವು.

"ಸುಳಿ ಐತೆ ಕಣ್ಲಾ. ಇದು ಬ್ಯಾಡ."

"ಅಪ್ಪೋ, ಅದು ಮರದ ಗೆರೆ!"

"ಎತ್ತಿನ ಸುಳೀನೂವೆ ಬರೀ ಕೂದ್ಲೇಯ."

ಸಾಬರ ಕಡೆ ನೋಡಿದೆ, ಅವರಾದರೂ ಒಂದು ಮಾತು ಹೇಳಲಿ ಎಂದು. "ಎರಡೂ ನನ್ ಮಕ್ಳೇ ಗೌಡ್ರೇ, ಯಾವ್ದ್ ತಗೊಂಡ್ರೂ ಖುಷಿ" ಎಂದು ನಕ್ಕುಬಿಟ್ಟರು. ಅಪ್ಪ ಬೆಲ್ಲದ ಬಣ್ಣದ್ದನ್ನು ಎತ್ತಿ, ಹೆಬ್ಬೆರಳು ಕೂತು ಕೂತು ಸವೆದ ಜಾಗವನ್ನು ನೇವರಿಸಿದ. "ಇದು ದುಡಿದೈತೆ. ಇದಾಯ್ತದೆ" ಎಂದ. ನನ್ನ ಮುಖ ಹರಳೆಣ್ಣೆ ಕುಡಿದ ಹಾಗಾಗಿತ್ತು. ಅಪ್ಪ ನೋಡಲೇ ಇಲ್ಲ.

ಇನ್ನು ವ್ಯಾಪಾರ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಅಡಿ ಎದುರಿನವನ ಕೈ ಹಿಡಿದು ಬೆರಳು ಅದುಮಿ ಹೇಳುತ್ತಾರೆ. ಒಪ್ಪಿಗೆಯಾದರೆ ಅವನು ಕೈ ಕುಲುಕುತ್ತಾನೆ, ಅಲ್ಲಿಗೆ ಮುಗಿಯಿತು. ಅಪ್ಪ ಹೆಗಲ ಟವೆಲ್ಲು ತೆಗೆದು ಸಾಬರ ಕೈಮೇಲೆ ಹಾಸಿ, ಅಡಿಯಲ್ಲಿ ಕೈ ತೂರಿಸಿ ಬೆರಳು ಅದುಮಿದ. ಸಾಬರಿಗೆ ಈ ಶಾಸ್ತ್ರವೇ ಗೊತ್ತಿಲ್ಲ. ಇದು ಹಳ್ಳಿಯವರ ಮರ್ಯಾದೆ ಇರಬೇಕು ಎಂದುಕೊಂಡು ಎರಡೂ ಕೈಯಿಂದ ಅಪ್ಪನ ಕೈಯನ್ನು ಚೆನ್ನಾಗಿ ಕುಲುಕಿ "ಮುಬಾರಕ್, ಮುಬಾರಕ್" ಎಂದರು.

"ಯಾಪಾರ ಆಯ್ತು" ಎಂದ ಅಪ್ಪ.

"ಎಷ್ಟಕ್ಕೆ ಆಯ್ತು ಗೌಡ್ರೇ?"

ಅಪ್ಪ ಹೇಳಿದ. ಸಾಬರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಆಮೇಲೆ ಕೆಮ್ಮು ಬರುವ ತನಕ ನಕ್ಕರು. "ಕುಲುಕಿಬಿಟ್ನಲ್ಲಾ! ಆಯ್ತು, ತಗೊಂಡ್ ಹೋಗಿ" ಎಂದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಪ್ಪ ಗಿಟಾರಿಗಿದ್ದ ಒಳ್ಳೆಯ ಚರ್ಮದ ಬೆಲ್ಟನ್ನು ಬಿಚ್ಚತೊಡಗಿದ. ನಮ್ಮಲ್ಲಿ ರಾಸು ಮಾರಿದವನು ಹಗ್ಗ ಕೊಡುವುದಿಲ್ಲ, ಕೊಂಡವನು ಅದನ್ನು ಕೇಳುವುದೂ ಇಲ್ಲ. ಮಾರಿದವನ ಕೊಟ್ಟಿಗೆಯ ಲಕ್ಷ್ಮಿ ಆ ಹಗ್ಗದ ಜೊತೆ ಅವನ ಮನೆಯಲ್ಲೇ ಉಳಿಯಬೇಕು ಎಂಬ ನಂಬಿಕೆ. "ಅಪ್ಪೋ, ಅದು ಬೇಕು ಕಣಪ್ಪಾ, ಅದಿಲ್ದೆ ನಿಂತ್ಕೊಂಡು ಬಾರ್ಸಕಾಯ್ತದಾ?" ಎಂದು ಗೋಗರೆದೆ. "ಸುಮ್ಕಿರ್ಲಾ, ಅದು ಅವ್ರ ಮನೆ ಹಗ್ಗ" ಎಂದು ಗದರಿ, ಬೆಲ್ಟನ್ನು ಮಡಿಸಿ ಸಾಬರ ಕೈಗಿಟ್ಟು, ಯಾಕೆ ಎಂದು ಬಿಡಿಸಿ ಹೇಳಿದ. ಸಾಬರು ನಗಲಿಲ್ಲ. ಬೆಲ್ಟನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಒಮ್ಮೆ ಸವರಿದರು.

ಹೊರಡುವಾಗ ಬಾಗಿಲ ತನಕ ಬಂದು ನನಗೆ ಹೇಳಿದರು: "ಬೇಟಾ, ಬಾರಿಸ್ವಾಗ ಯಾರೂ ನಿನ್ ಕಡೆ ನೋಡಲ್ಲ. ಅದಕ್ಕೆ ಬೇಜಾರ್ ಮಾಡ್ಕೋಬೇಡ. ನಿಲ್ಲಿಸಿ ನೋಡು, ಆಗ ಎಲ್ಲಾರೂ ನೋಡ್ತಾರೆ. ಇದರ ಗಮ್ಮತ್ತೇ ಅದು."

ಬಸ್ಸಿನಲ್ಲಿ ಅಪ್ಪ ಗಿಟಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಕೇಳಿದವರಿಗೂ ಕೇಳದವರಿಗೂ "ಮಗಂಗೆ" ಎಂದು ಹೇಳುತ್ತಾ ಬಂದ. ಸಂಜೆ ಜಗಲಿಯಲ್ಲಿ ಕೂತು ಹತ್ತಿನೂಲು ಹೊಸೆದು ಈ ಹಗ್ಗ ಹೆಣೆದ. ಭುಜ ಉಜ್ಜಬಾರದು ಎಂದು ಪಂಚೆ ತುಂಡು ಸುತ್ತಿ ಹೊಲಿದವಳು ಅವ್ವ. ನಾನು ಕೆಂಪು ಗಿಟಾರನ್ನೇ ನೆನೆಯುತ್ತಾ ಮುಖ ಊದಿಸಿಕೊಂಡಿದ್ದೆ.

ಮೊದಲ ಕಾರ್ಯಕ್ರಮ ಅಕ್ಕಿಹೆಬ್ಬಾಳಿನಲ್ಲಿ, ಹೊಳೆಗೆ ಹತ್ತಿರದ ಒಂದು ತೋಟದ ಮನೆಯ ಬೀಗರ ಊಟ. ಹಾಡುವವನು ನನ್ನ ಹಗ್ಗ ನೋಡಿ "ಹುಲ್ಲು ಗಿಲ್ಲು ಹಾಕ್ಬೇಕೇನಯ್ಯಾ ಇದಕ್ಕೆ?" ಎಂದ. ನಾನೂ ನಕ್ಕೆ. ನುಡಿಸಿದ ಮೇಲೆ ಗೊತ್ತಾಗುತ್ತದೆ ಬಿಡು ಎಂಬ ಜಂಬವಿತ್ತು. ಮೈಕ್ ಸೆಟ್ಟಿನವರು ಉಮ್ಮತ್ತಿ ಹೂವಿನಂಥ ಹಾರನ್ನುಗಳನ್ನು ತೆಂಗಿನಮರಕ್ಕೆ ಕಟ್ಟಿದ್ದರು. ನಮ್ಮ ಕಡೆ ಆಗ ಎಲ್ಲಿ ಹೋದರೂ ಅವೇ. ಹಾಡು ಹೊಳೆಯಾಚೆಗೂ ಕೇಳಿಸುತ್ತಿತ್ತು. ಆದರೆ ಹಾರನ್ನು ಗಂಟಲು ಎತ್ತರಿಸಿದ ಶಬ್ದವನ್ನು ಮಾತ್ರ ಉಗುಳುತ್ತದೆ, ತಳದ ಸ್ವರವನ್ನು ನುಂಗಿಹಾಕುತ್ತದೆ. ಇದು ತಂಡದಲ್ಲಿ ಯಾರಿಗೂ ಹೊಳೆದಿರಲಿಲ್ಲ. ತಾಲೀಮಿನ ಕೋಣೆಯ ಪೆಟ್ಟಿಗೆಯಲ್ಲಿ ಚೆನ್ನಾಗಿತ್ತಲ್ಲ, ಅಷ್ಟೇ ನಮಗೆ ಗೊತ್ತಿದ್ದದ್ದು.

ಅಪ್ಪನೂ ಬಂದಿದ್ದ. ವೇದಿಕೆಯ ಪಕ್ಕ ನಿಂತು ಗೊತ್ತಿದ್ದವರಿಗೆಲ್ಲ "ನಮ್ಮುಡ್ಗ ಬಾರಿಸ್ತಾವ್ನೆ" ಎನ್ನುತ್ತಿದ್ದ. ನಾನು ಬೆರಳು ಉರಿಯುವಂತೆ ನುಡಿಸಿದೆ. ತಂತಿ ಅದುರುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಆಗ ಸಾಬರ ಮಾತು ನೆನಪಾಯಿತು. ಒಂದು ಹಾಡಿನ ನಡುವೆ, ಪಲ್ಲವಿಗೆ ಮರಳುವ ಜಾಗದಲ್ಲಿ, ತಂತಿಯಿಂದ ಕೈ ತೆಗೆದೆ.

ಏನೂ ಆಗಲಿಲ್ಲ. ಹಾಡುವವನು ಹಾಡುತ್ತಲೇ ಇದ್ದ. ಡ್ರಮ್ಮಿನವನು ಕಣ್ಣು ಮುಚ್ಚಿಕೊಂಡೇ ಇದ್ದ. ಮಾಸ್ಟರು ತಲೆ ಎತ್ತಲಿಲ್ಲ. ಅಪ್ಪನಂತೂ ನಾನು ನಿಲ್ಲಿಸಿದ ಮೇಲೂ ನನ್ನ ಕಡೆ ನೋಡಿಕೊಂಡು, ತಾಳಕ್ಕೆ ಸರಿಯಾಗಿ ತಲೆದೂಗುತ್ತಲೇ ಇದ್ದ. ಅದನ್ನು ನೋಡಿ ನನಗೆ ಅಳು ಬಂತು.

ವಾಪಸು ಬರುವಾಗ ಟೆಂಪೋದಲ್ಲಿ ಅಪ್ಪ ಎಲೆಅಡಿಕೆ ಹಾಕಿಕೊಂಡು, ಖುಷಿಯಾಗಿಯೇ ಕೇಳಿದ: "ಎಲ್ಲಾ ಪಸಂದಾಗಿತ್ತು ಕಣ್ಲಾ. ಅದ್ರಲ್ಲಿ ನಿಂದ್ಯಾವ್ದು?"

ಮನೆಗೆ ಬಂದು ಬೇಸನ್ನು ಮೂಗುದಾರ, ಬಾರುಕೋಲು ನೇತುಹಾಕುವ ಗೂಟಕ್ಕೇ ನೇತುಹಾಕಿದೆ. ಹಗ್ಗವಿತ್ತಲ್ಲ, ಸರಿಯಾಗಿ ಕೂತಿತು.

ಅದಾದ ಸ್ವಲ್ಪ ದಿನಕ್ಕೆ ಮಾಸ್ಟರು ಹೊಸ ಕೀಬೋರ್ಡು ತಂದರು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಎಡಗೈ ಕಡೆಯ ಕೀಗಳೆಲ್ಲ ಬೇಸ್ ಆಗಿಬಿಡುತ್ತಿದ್ದವು. ಮಾಸ್ಟರು ಒಳ್ಳೆಯವರು, ಮುಖಕ್ಕೆ ಹೊಡೆದಂತೆ ಹೇಳಲಿಲ್ಲ. "ನೋಡಪ್ಪಾ, ಬೇಸು ನನ್ ಎಡಗೈಲೇ ಬತ್ತದೆ. ನಿಂದು ಎಂಗೂ ಹೊರಗೆ ಕೇಳ್ತಿಲ್ಲ. ಏನಾರ ದಾರಿ ಮಾಡ್ಕೊ, ಇನ್ನೊಂದು ಕಾರ್ಯಕ್ರಮ ನೋಡಾನ. ಇಲ್ದಿದ್ರೆ ಬ್ಯಾಡ" ಎಂದರು. ಒಂದು ಯಂತ್ರದ ಎಡಗೈ ನನ್ನ ಜಾಗ ತಿನ್ನುತ್ತದೆ ಎಂದರೆ ಇನ್ನು ಯಾತಕ್ಕೆ ಕಲಿಯುವುದು? ನಾನು ಗೂಟದ ಕಡೆ ನೋಡುವುದನ್ನೇ ಬಿಟ್ಟೆ.

ಬಿಡದವನು ಅಪ್ಪ. ಅವನಿಗೆ ಬೇರೆಯದೇ ಸಂಕಟವಿತ್ತು. ಅಕ್ಕಿಹೆಬ್ಬಾಳಿನ ಸುದ್ದಿ ಊರಿಗೆ ಬಂದು, ಡೇರಿ ಮುಂದೆ ಜನ "ಏನ್ ಗೌಡ್ರೇ, ಮೂಗ ಎತ್ತು ಹೊಡ್ಕೊಂಡ್ ಬಂದ್ರಂತೆ?" ಎಂದು ಕಿಚಾಯಿಸುತ್ತಿದ್ದರು. ಅವನು ಆರಿಸಿದ್ದು ಸುಮ್ಮನೆ ನಿಂತಿದೆ ಎಂದರೆ ಅವನ ಕಣ್ಣಿಗೇ ಅವಮಾನ.

"ಕಟ್ಟಾಕಿದ್ರೆ ಕಾಲು ಹಿಡ್ಕತದೆ ಕಣ್ಲಾ, ತಗೀ ಅದ್ನ" ಎಂದ ಒಂದು ಬೆಳಿಗ್ಗೆ.

"ಅದಕ್ಕೆ ಕಾಲೆಲ್ಲೈತೆ?"

"ನಿನ್ಗೈತಲ್ಲ. ಕುಂತೂ ಕುಂತೂ ನಿಂದೇ ಹಿಡ್ಕತದೆ."

ಅವನ ಕಾಟ ತಾಳಲಾರದೆ ಹಾಲು ಅಳೆದು ಬಂದ ಮೇಲೆ ದಿನಾ ಸ್ವಲ್ಪ ಹೊತ್ತು ನಡುಮನೆಯಲ್ಲಿ ಕೂರತೊಡಗಿದೆ. ಮನೆಯಲ್ಲಿ ಆಂಪ್ಲಿಫೈಯರ್ ಇರಲಿಲ್ಲ. ಅದಿಲ್ಲದ ಬೇಸ್ ಗುಂಗಾಡು ಹುಳದಷ್ಟೂ ಗುಂಯ್‌ಗುಡುವುದಿಲ್ಲ. ಒಂದು ದಿನ ಬೇಸರಕ್ಕೆ, ಮೀಟುತ್ತಲೇ ಹಿಂದಕ್ಕೆ ಒರಗಿದಾಗ ಗಿಟಾರಿನ ತಲೆ ರಾಗಿ ಪೆಟ್ಟಿಗೆಗೆ ತಾಗಿತು. ಹಲಸಿನ ಹಲಗೆಯ, ಒಬ್ಬ ಆಳು ಮಲಗುವಷ್ಟು ದೊಡ್ಡ ಪೆಟ್ಟಿಗೆ. ತಾಗಿದ್ದೇ ತಡ, ಪೆಟ್ಟಿಗೆ ಹೂಂ ಎಂದಿತು.

ನಾನು ಎದ್ದು ಕೂತೆ. ಬೇಕೆಂದೇ ತಲೆಯನ್ನು ಹಲಗೆಗೆ ಒತ್ತಿ ಮೀಟಿದೆ. ಮತ್ತೆ ಹೂಂ. ಸುಗ್ಗಿ ಮುಗಿದು ಪೆಟ್ಟಿಗೆ ತುಂಬಿದ್ದ ಕಾಲ, ಶಬ್ದ ಇನ್ನೂ ಮಂದ. ಆದರೆ ಇತ್ತು. ದಿನಾ ಅದಕ್ಕೆ ಒರಗಿಯೇ ನುಡಿಸತೊಡಗಿದೆ. ಅವ್ವ ದಿನಾ ಮೊರದಲ್ಲಿ ರಾಗಿ ತೋಡಿಕೊಳ್ಳುತ್ತಿದ್ದಳು. ರಾಗಿ ಇಳಿದಂತೆಲ್ಲ ಸ್ವರ ದೊಡ್ಡದಾಗುತ್ತಾ ಹೋಯಿತು. ನಾಳೆ ಇನ್ನೆಷ್ಟು ಚೆನ್ನಾಗಿ ಕೇಳಬಹುದು ಎಂಬ ಆಸೆಗೇ ಬೆಳಿಗ್ಗೆ ಬೇಗ ಏಳುತ್ತಿದ್ದೆ. ಹೊರಗೆ ಕೂತ ಅಪ್ಪನಿಗೆ ಮನೆಯೊಳಗೆ ರಾಗಿ ಎಷ್ಟು ಉಳಿದಿದೆ ಎಂಬ ಲೆಕ್ಕವಿರಲಿಲ್ಲ, ಗಿಟಾರಿನ ಲೆಕ್ಕವಿತ್ತು. ಸ್ವರ ಎಡವಿದರೆ ಜಗಲಿಯಿಂದ "ತಪ್ತಾ ಐತೆ" ಎನ್ನುತ್ತಿದ್ದ. ಅವನಿಗೆ ತಪ್ಪು ಹೇಗೆ ತಿಳಿಯುತ್ತಿತ್ತೋ, ಇಲ್ಲ ಸುಮ್ಮನೆ ಅನ್ನುತ್ತಿದ್ದನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮಳೆಗಾಲ ಬರುವ ಹೊತ್ತಿಗೆ ಪೆಟ್ಟಿಗೆ ಮುಕ್ಕಾಲು ಖಾಲಿ. ನಾನು ಮೀಟಿದರೆ ನಡುಮನೆಯೇ ಗುಂಯ್ ಎನ್ನುತ್ತಿತ್ತು. "ಇನ್ನ ರಾಗಿ ತರ್ಬೇಕು ಕಣ್ರೀ, ನಿಮ್ ಮಗನ ಗಿಟಾರೇ ಹೇಳ್ತಾ ಐತೆ" ಎಂದಳು ಅವ್ವ. ಆಗ ನನಗೆ ಹೊಳೆಯಿತು. ನನಗೆ ಬೇಕಾದದ್ದು ಇನ್ನೊಂದು ಗಿಟಾರಲ್ಲ, ಕೆಂಪೂ ಅಲ್ಲ. ಒಂದು ಖಾಲಿ ಪೆಟ್ಟಿಗೆ, ಅದರೊಳಗೆ ದೊಡ್ಡ ಬಾಯಿಯ ಸ್ಪೀಕರು.

ದಾರಿ ತೋರಿಸಿದವನು ನಮ್ಮ ಡ್ರಮ್ಮಿನವನು. ಮನೆಮನೆಗೆ ಟಿವಿ ಬಂದು ಟೆಂಟ್ ಸಿನಿಮಾಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದ ಕಾಲ. ನಾಗಮಂಗಲದಾಚೆ ದೇವಲಾಪುರದ ಹತ್ತಿರ ಒಂದು ಟೆಂಟಿನವರು ಸಾಮಾನು ಮಾರುತ್ತಿದ್ದಾರಂತೆ, ಪರದೆಯ ಹಿಂದಿನ ಸ್ಪೀಕರ್ ಪೆಟ್ಟಿಗೆಯೂ ಇದೆಯಂತೆ ಎಂದ. ಪಕ್ಕದ ಮನೆಯವರ ಟ್ರಾಕ್ಟರು ಕೇಳಿ ತಂದೆ. ಅಪ್ಪ ಹೇಳದೆ ಕೇಳದೆ ಟ್ರೈಲರು ಹತ್ತಿ ಕೂತ, ಟವೆಲ್ಲಿನ ಸಮೇತ.

"ಈ ಸಲ ನೋಡೋನು ನಾನು. ಸುಳಿಗಿಳಿ ಅಂದ್ರೆ ಇಳಿಸ್ಬುಡ್ತೀನಿ" ಎಂದೆ.

"ನೀನೇ ನೋಡಪ್ಪಾ. ನಾನು ದಾರೀಲಿ ಗಾಳಿ ಕುಡ್ಯಕೆ ಬಂದೆ" ಎಂದ.

ನಾಗಮಂಗಲದಲ್ಲಿ ಕಾಫಿಗೆ ನಿಲ್ಲಿಸಿದಾಗ ಒಂದು ಚಪ್ಪರದ ಕೆಳಗೆ ಬೇರೆ ತಂಡದವರು ವಾದ್ಯ ಜೋಡಿಸುತ್ತಿದ್ದರು. ಅಲ್ಲಿ ನನ್ನ ಕೆಂಪು ಗಿಟಾರಿತ್ತು! ಯಾರೋ ಸಾಬರಿಂದ ಕೊಂಡಿದ್ದರು. ಚೆನ್ನಾಗಿಯೇ ಇತ್ತು, ಸುಳಿ ಯಾರನ್ನೂ ತಿಂದಿರಲಿಲ್ಲ. ಅಪ್ಪನಿಗೆ ತೋರಿಸಿದೆ. ಕಾಫಿ ಊದಿಕೊಂಡು ಕುಡಿಯುತ್ತಾ "ಇನ್ನೂ ಟೈಮ್ ಐತೆ, ತಡಿ" ಎಂದ.

ಟೆಂಟಿನ ಗೂಟಗಳೆಲ್ಲ ಕಿತ್ತುಹೋಗಿ ಬಯಲು ಬಿದ್ದಿತ್ತು. ಪೆಟ್ಟಿಗೆ ನನ್ನ ಎದೆಯೆತ್ತರಕ್ಕಿತ್ತು, ಒಳಗೆ ಮೊರದಗಲದ ಸ್ಪೀಕರು. ನಾನು ಹಲಗೆ ಬಡಿದು ನೋಡಿದೆ, ಬಿರುಕು ಹುಡುಕಿದೆ, ಒಳಗೆ ಕೈಹಾಕಿ ಇಲಿಗೂಡು ಕಿತ್ತು ಎಸೆದೆ. ಆಮೇಲೆ ಅವರ ಹಳೆಯ ಆಂಪ್ಲಿಫೈಯರಿಗೆ, ಜೊತೆಗೆ ತಂದಿದ್ದ ಬೇಸ್ ಸಿಕ್ಕಿಸಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದೆ.

ಪೆಟ್ಟಿಗೆಯ ಮೇಲಿನ ಧೂಳು ಎದ್ದಿತು. ಬೇಲಿಯ ಕೆಳಗೆ ಮಲಗಿದ್ದ ನಾಯಿ ಎದ್ದು ನಿಂತಿತು. ಟ್ರೈಲರಿಗೆ ಒರಗಿ ನಿಂತಿದ್ದ ಅಪ್ಪ ಕಾಲಡಿ ನೆಲ ನೋಡಿಕೊಂಡ. ಮತ್ತೆ ಮೀಟಿದೆ. ಅವನು ಹತ್ತಿರ ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ, ಎತ್ತಿನ ಬೆನ್ನ ಮೇಲೆ ಇಡುವ ಹಾಗೆ.

"ಇದಾ ನಿಂದು?"

"ಊಂ ಕಣಪ್ಪಾ. ಇದೇಯ."

ಅಪ್ಪ ನೇರ ಟೆಂಟಿನವರ ಬಳಿ ಹೋಗಿ ಟವೆಲ್ಲು ತೆಗೆದ. ಅವರೂ ದನ ಕಟ್ಟಿದವರೇ. ಇಬ್ಬರೂ ಬಿಸಿಲಲ್ಲಿ ನಿಂತು ಬೆರಳು ಅದುಮಿ, ಬಿಡಿಸಿ, ಮುಖ ಸಿಂಡರಿಸಿ, ತಿರುಗಿ ಹೊರಟಂತೆ ನಟಿಸಿ, ಕೊನೆಗೆ ಕೈ ಕುಲುಕಿದರು. ಆಂಪ್ಲಿಫೈಯರೂ ಅದರಲ್ಲೇ ಸೇರಿತು. ನಾನು ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿದ್ದಾಗ ಅಪ್ಪ ಸ್ಪೀಕರಿನ ವೈರನ್ನು ಬಿಚ್ಚಿ, ಸುರುಳಿ ಸುತ್ತಿ, ಟೆಂಟಿನವರಿಗೆ ಕೊಟ್ಟುಬಿಟ್ಟಿದ್ದ. ಹಗ್ಗ ಅವರದಲ್ಲವೇ! ಊರಿಗೆ ಬಂದು ಹೊಸ ವೈರು ಹಾಕಿಸಿದೆ.

ಮಾಸ್ಟರು ಹೇಳಿದ ಆ ಇನ್ನೊಂದು ಕಾರ್ಯಕ್ರಮ ಕೆ.ಆರ್. ಪೇಟೆಯಲ್ಲಿ ಬಂತು. ಅದೂ ಬೀಗರ ಊಟವೇ. ಶಾಮಿಯಾನದ ಒಂದು ತುದಿಗೆ ವೇದಿಕೆ, ಇನ್ನೊಂದು ತುದಿಯ ತನಕ ಊಟದ ಸಾಲು. ಹಾರನ್ನುಗಳು ಕಂಬದ ಮೇಲೆ, ನನ್ನ ಪೆಟ್ಟಿಗೆ ನೆಲದ ಮೇಲೆ. ಮಾಸ್ಟರು ಪೆಟ್ಟಿಗೆಯನ್ನು ನೋಡಿದರು, ನನ್ನ ಹಗ್ಗ ನೋಡಿದರು. ಎಡಗೈಯ ಗುಂಡಿಯನ್ನು ಸದ್ಯಕ್ಕೆ ಒತ್ತಲಿಲ್ಲ. ಕೇಳದಿದ್ದರೆ ಒತ್ತುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಶುರು ಮಾಡಿದೆವು. ಸದ್ದಾಗುತ್ತಿತ್ತು, ನನ್ನ ಕಾಲಿಗೆ ತಿಳಿಯುತ್ತಿತ್ತು. ಆದರೆ ಜನ ಮುದ್ದೆ ಮುರಿಯುತ್ತಿದ್ದರು, ಬಡಿಸುವವರು ಸಾರಿನ ಬಕೆಟ್ಟು ಹಿಡಿದು ಕೂಗುತ್ತಿದ್ದರು, ಯಾರೂ ನನ್ನ ಕಡೆ ನೋಡಲಿಲ್ಲ. ಅಪ್ಪ ದೂರದ ಸಾಲಿನಲ್ಲಿ ಯಾರದೋ ಜೊತೆ ಮಾತಾಡುತ್ತಾ ಊಟಕ್ಕೆ ಕೂತಿದ್ದ. ಅಕ್ಕಿಹೆಬ್ಬಾಳಿನದೇ ಹಾಡು ಬಂತು. ಕೇಳಿಸುತ್ತಿದೆಯೋ ಇಲ್ಲವೋ, ಇವತ್ತೇ ತಿಳಿದುಬಿಡಲಿ ಎನಿಸಿತು. ಅದೇ ಪಲ್ಲವಿಯ ಜಾಗಕ್ಕೆ ಕಾದು, ತಂತಿಯಿಂದ ಕೈ ತೆಗೆದೆ.

ಹಾಡು ಕುಂಟಿತು. ಡ್ರಮ್ಮಿನವನು ಕಣ್ಣು ಬಿಟ್ಟು ತಿರುಗಿದ. ಹಾಡುವವನು ಹಾಡಿನ ಸಾಲಿನ ನಡುವೆಯೇ ಹಿಂದಕ್ಕೆ ನೋಡಿದ. ಮಾಸ್ಟರ ಎಡಗೈ ಖಾಲಿಯಿತ್ತು, ಬೇಕಿದ್ದರೆ ತುಂಬಬಹುದಿತ್ತು. ಅವರು ಆ ಕೈಯೆತ್ತಿ ನನಗೆ, ಬಾರಿಸು ಬಾರಿಸು ಎಂದು ಸನ್ನೆ ಮಾಡಿದರು.

ಅಷ್ಟರಲ್ಲಿ ಶಾಮಿಯಾನದ ಆಚೆ ತುದಿಯಲ್ಲಿ ಯಾರೋ ಎದ್ದು ನಿಂತರು. ನಮ್ಮಲ್ಲಿ ಸಾಲಿನ ನಡುವೆ ಎಲೆ ಬಿಟ್ಟು ಏಳುವುದು ಉಣಿಸಿದವರಿಗೆ ಮಾಡುವ ದೊಡ್ಡ ಅವಮಾನ, ಜೀವ ಹೋದರೂ ಯಾರೂ ಏಳುವುದಿಲ್ಲ. ಎದ್ದವನು ಅಪ್ಪ. ಎಂಜಲು ಕೈ ಮೇಲೆತ್ತಿ ನಿಂತಿದ್ದ.

"ಲೇ! ಯಾಕ್ಲಾ ನಿಲ್ಸ್ಬುಟ್ಟೆ?"

ಬೀಗರು ಹೌಹಾರಿ ಓಡಿ ಬಂದರು. "ಏನಾಯ್ತು ಗೌಡ್ರೇ, ಊಟದಲ್ಲಿ ಏನಾರ ಕಮ್ಮಿಯಾಯ್ತಾ?"

"ಊಟ ಸರಿಯಾಗೈತೆ ಕಣ್ರಪ್ಪಾ" ಎಂದ ಅಪ್ಪ, ವೇದಿಕೆಯಿಂದ ಕಣ್ಣು ತೆಗೆಯದೆ. "ನನ್ ಮಗಂದು ನಿಂತೋಯ್ತು."

ನಾನು ತಂತಿಯ ಮೇಲೆ ಬೆರಳಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ಸರಿ ಎನಿಸಿದ ಮೇಲೆ ಕೂತು, ಮುದ್ದೆ ಮುರಿದ.